ಪಾಸ್‌ಪೋರ್ಟ್ ಒತ್ತೆಯಿಡುವ ಮುನ್ನ

ಥಾಯ್ಲೆಂಡ್‌ಗೆ ಹೋಗಿ ಬಾಡಿಗೆ ಸ್ಕೂಟರ್ ಓಡಿಸುವ ಆಸೆಯಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಂಗಡಿಯವರು ಎಷ್ಟೇ ನಗುನಗುತ್ತಾ ಕೇಳಿದರೂ ಪಾಸ್‌ಪೋರ್ಟ್ ಬಿಟ್ಟು ಬರಬೇಡಿ. ಜೆರಾಕ್ಸ್ ಕೊಡಿ, ಜೊತೆಗೆ ನಗದು ಠೇವಣಿ ಇಡಿ. ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಚಿಯಾಂಗ್ ಮಾಯ್‌ನ ಹಳೇ ಊರಿನಲ್ಲಿ ಇಂಥ ಅಂಗಡಿಗಳಿಗೇನೂ ಬರವಿಲ್ಲ.

ನಾನು ಮೂರು ಸಾವಿರ ಬಾತ್ ಠೇವಣಿ ಇಟ್ಟೆ. ನನ್ನ ಭಾವಮೈದುನ ಇಡಲಿಲ್ಲ. ‘ಎಲ್ಲರೂ ಪಾಸ್‌ಪೋರ್ಟೇ ಕೊಡ್ತಾರೆ ಭಾವ, ನಿಮಗೆ ಎಲ್ಲದರಲ್ಲೂ ಅನುಮಾನ’ ಎಂದು ಅದನ್ನು ಕೌಂಟರಿನ ಮೇಲಿಟ್ಟ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಆ ಪುಸ್ತಕ ನಮ್ಮ ಸ್ವತ್ತೇ ಅಲ್ಲ, ಕೇಂದ್ರ ಸರ್ಕಾರದ್ದು. ಒತ್ತೆಯಿಡಲು ಅದೇನು ಮನೆಯ ಒಡವೆಯೇ ಎಂದು ಅಲ್ಲೇ ಕೇಳಿದೆ. ಅವನು ಆಗಲೇ ಹೆಲ್ಮೆಟ್ ಆರಿಸುತ್ತಿದ್ದ. ನಾನು ಎರಡೂ ಸ್ಕೂಟರುಗಳ ಸುತ್ತ ನಡೆದು, ಅಂಗಡಿಯ ಹುಡುಗನೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ‘ಬಿಸಿಲೇರುತ್ತೆ, ಬನ್ನಿ’ ಎಂದು ಅವನು ಹಾರ್ನ್ ಒತ್ತುತ್ತಲೇ ಇದ್ದ.

ಪಾಯ್ ಊರಿಗೆ ಹೋಗುವ 1095ನೇ ಹೆದ್ದಾರಿಯಲ್ಲಿ 762 ತಿರುವುಗಳಿವೆ ಎಂದು ಅಲ್ಲಿ ಅಂಗಿಗಳ ಮೇಲೆಲ್ಲ ಅಚ್ಚು ಹಾಕಿಸಿ ಮಾರುತ್ತಾರೆ. ನಮ್ಮಂತೆಯೇ ಎಡಬದಿಯ ಸಂಚಾರ, ರಸ್ತೆಯೂ ಚೆನ್ನಾಗಿದೆ. ಚಾರ್ಮಾಡಿ ಘಾಟಿಯಲ್ಲಿ ಓಡಿಸಿದವರಿಗೆ ಕಷ್ಟವೆನಿಸದು. ದಾರಿಯಲ್ಲಿ ಪೊಲೀಸರು ತಡೆದಾಗ ನಮ್ಮ ಲೈಸೆನ್ಸ್ ಮತ್ತು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎರಡನ್ನೂ ಕೇಳಿದರು, ತೋರಿಸಿದೆವು, ಬಿಟ್ಟರು. ಆ ಪರವಾನಗಿಯನ್ನು ಇಲ್ಲೇ ಆರ್‌ಟಿಒ ಕಚೇರಿಯಿಂದ ಮಾಡಿಸಿಕೊಂಡು ಹೋಗಬೇಕು. ಒಂದು ವರ್ಷ ನಡೆಯುತ್ತದೆ. ನಿಮ್ಮ ಲೈಸೆನ್ಸಿನಲ್ಲಿ ಕಾರು ಮಾತ್ರ ಇದ್ದರೆ ಇದರಲ್ಲೂ ಕಾರೇ ಬರುತ್ತದೆ. ಹಾಗೆ ದ್ವಿಚಕ್ರ ಓಡಿಸಿ ಬಿದ್ದರೆ ಪ್ರವಾಸ ವಿಮೆಯವರು ಆಸ್ಪತ್ರೆಯ ಬಿಲ್ಲಿಗೆ ಕೈಯೆತ್ತುತ್ತಾರೆ.

ನಾವು ಬೀಳಲಿಲ್ಲ. ಎರಡು ಗಾಡಿಗೂ ಒಂದು ಗೀರಾಗಲಿಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಹಿಂದಿರುಗಿಸಲು ಹೋದಾಗ ಬಾಡಿಗೆ ಕೊಟ್ಟಿದ್ದ ಹುಡುಗ ಇರಲಿಲ್ಲ, ಮಾಲೀಕನೇ ಕೂತಿದ್ದ. ನನ್ನ ಗಾಡಿಯನ್ನು ನೋಡಿದಂತೆ ಮಾಡಿ ಠೇವಣಿ ಎಣಿಸಿಕೊಟ್ಟ. ಆಮೇಲೆ ಮೊಬೈಲ್ ಟಾರ್ಚ್ ಹಾಕಿಕೊಂಡು ಭಾವಮೈದುನನ ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಪಕ್ಕದ ಹೊದಿಕೆಯ ಗೀರು, ಸೈಲೆನ್ಸರಿನ ತರಚು, ಕಾಲಿಡುವ ಹಲಗೆಯ ಅಡಿಯಲ್ಲಿ ಒಂದು ಬಿರುಕು. ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ ತೋರಿಸಿದ: 15,000 ಬಾತ್. ಪಾಸ್‌ಪೋರ್ಟ್ ಕೇಳಿದರೆ ಡ್ರಾಯರಿನ ಮೇಲೆ ಅಂಗೈಯೂರಿ ಮತ್ತೆ ಕ್ಯಾಲ್ಕ್ಯುಲೇಟರನ್ನೇ ಮುಂದೆ ತಳ್ಳಿದ. ಸಂಜೆ ನಮ್ಮ ವಿಮಾನ. ಅದು ಅವನಿಗೂ ಗೊತ್ತಿತ್ತು, ಏಕೆಂದರೆ ಬಂದ ದಿನವೇ ನಮ್ಮವನು ಹುಡುಗನೆದುರು ಊರೂಕೇರಿಯೆಲ್ಲ ಹರಟಿದ್ದ.

ಅಲ್ಲಿಯ ಕಡ್ಡಾಯ ವಿಮೆ ಜನರಿಗಾದ ಗಾಯಕ್ಕೆ ಮಾತ್ರ, ಗಾಡಿಗಾದ ಹಾನಿಗಲ್ಲ. ಆ ಹಾನಿಯನ್ನು ಬಾಡಿಗೆದಾರನೇ ತುಂಬಿಕೊಡಬೇಕೆಂದು ಕರಾರುಪತ್ರದಲ್ಲಿ ಬರೆದಿರುತ್ತಾರೆ. ಒಂದೇ ಗೀರಿಗೆ ಎಷ್ಟು ಜನರಿಂದ ಬೇಕಾದರೂ ವಸೂಲಿ ಮಾಡಬಹುದು.

ನಾನು ವಿಡಿಯೊ ತೆಗೆದೆ. ಗೀರು, ತರಚು ಎರಡೂ ಅದರಲ್ಲಿ ಸ್ಪಷ್ಟವಾಗಿದ್ದವು. ಮಾಲೀಕ ನೋಡಲೇ ಇಲ್ಲ, ಫ್ಯಾನಿನ ಕಡೆ ಮುಖ ತಿರುಗಿಸಿದ. ಭಾವಮೈದುನ ನನ್ನ ತೋಳು ಹಿಡಿದು, ‘ಕೊಟ್ಟುಬಿಡೋಣ ಭಾವ, ಗಲಾಟೆ ಬೇಡ. ಅಕ್ಕ ಹೋಟೆಲಿನಲ್ಲಿ ಕಾಯ್ತಿದ್ದಾಳೆ’ ಅಂದ. ಮಾಲೀಕನಿಗೆ ಕನ್ನಡ ಬರದಿದ್ದರೂ ಆ ದನಿ ಅರ್ಥವಾಯಿತು. ಅವನ ಮುಖ ಸಡಿಲವಾದದ್ದನ್ನು ನಾನು ಕಂಡೆ. ನನಗೆ ಹೊಟ್ಟೆಯುರಿದದ್ದು ಆ ಕ್ಷಣದಲ್ಲೇ, ಮಾಲೀಕನ ಮೇಲಲ್ಲ.

ಬಾಗಿಲಲ್ಲೇ ನಿಂತು 1155ಕ್ಕೆ ಫೋನ್ ಮಾಡಿದೆ. ಅದು ಪ್ರವಾಸಿ ಪೊಲೀಸರ ಸಂಖ್ಯೆ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ವಿವರ ಕೇಳಿ, ಫೋನನ್ನು ಮಾಲೀಕನಿಗೆ ಕೊಡಿ ಎಂದರು. ಅವನು ತೆಗೆದುಕೊಂಡ. ಥಾಯ್ ಭಾಷೆಯಲ್ಲಿ ಬಹಳ ಹೊತ್ತು ಮಾತಾಯಿತು. ನಡುನಡುವೆ ಅವನ ದನಿ ಇಳಿಯಿತು. ಫೋನ್ ಮರಳಿಸಿ ಕ್ಯಾಲ್ಕ್ಯುಲೇಟರಿನಲ್ಲಿ 4,000 ಒತ್ತಿದ. ಅದು ಹಲಗೆಯ ಅಡಿಯ ಬಿರುಕಿಗೆ. ಅದೊಂದು ನನ್ನ ವಿಡಿಯೊದಲ್ಲಿರಲಿಲ್ಲ. ಪೊಲೀಸರು ಬರುವವರೆಗೂ ಕಾಯುತ್ತೇನೆ ಎಂದು ನಾನು ಕುರ್ಚಿ ಎಳೆದುಕೊಂಡೆ. ಅಷ್ಟರಲ್ಲಿ ಭಾವಮೈದುನ ಹಣ ಎಣಿಸಿ ಕೊಟ್ಟಾಗಿತ್ತು.

ಇನ್ನು ಅರ್ಧ ಗಂಟೆ ಕೂತಿದ್ದರೆ ಆ ನಾಲ್ಕು ಸಾವಿರವೂ ಉಳಿಯುತ್ತಿತ್ತು ಎಂದೇ ನಾನು ಇಂದಿಗೂ ನಂಬಿದ್ದೇನೆ. ಮನೆಯಲ್ಲಿ ಈ ಮಾತು ಬಂದರೆ ನನ್ನ ಹೆಂಡತಿ ತಮ್ಮನ ಪರ.

ನೀವು ವಿಡಿಯೊ ಮಾಡುವಾಗ ಗಾಡಿಯ ಅಡಿಗೂ ಮೊಬೈಲ್ ತೂರಿಸಿ. ಹೆಲ್ಮೆಟ್ ಪಟ್ಟಿ ಬಿಗಿದುಕೊಳ್ಳಿ, ಇಲ್ಲದಿದ್ದರೆ 2,000 ಬಾತ್‌ವರೆಗೆ ದಂಡ. ಹಿಂದಿರುಗಿಸುವುದನ್ನು ವಿಮಾನ ಹತ್ತುವ ದಿನಕ್ಕೆ ಇಟ್ಟುಕೊಳ್ಳಬೇಡಿ.

ಭಾವಮೈದುನ ಈಗ ವಿಯೆಟ್ನಾಂನ ಹಾ ಜಾಂಗ್ ಬೆಟ್ಟಗಳಲ್ಲಿ ಬೈಕ್ ಓಡಿಸುವ ಯೋಜನೆ ಹಾಕಿದ್ದಾನೆ. ನಮ್ಮ ದೇಶ ಕೊಡುವ ಪರವಾನಗಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಲ್ಲಿ ನಮ್ಮ ಕಾಗದ ನಡೆಯುವುದಿಲ್ಲ, ವಿಮೆಯೂ ಸಿಗುವುದಿಲ್ಲ, ಹಿಂದಿನ ಸೀಟಿನಲ್ಲಿ ಕೂತು ಅಲ್ಲಿಯವರೇ ಓಡಿಸುವ ಬೈಕಿನಲ್ಲಿ ಹೋಗು ಎಂದು ಹೇಳಿದ್ದೇನೆ. ಇನ್ನೂ ಉತ್ತರ ಕೊಟ್ಟಿಲ್ಲ.