ಬಣ್ಣವೂ ನೂಲೂ ಒಂದಾಗುವ ಬಗೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಪ್ರಾಂತದ ಮಕ್ಕಳಿಗೆ ಮಗ್ಗದ ಸಪ್ಪಳವು ಹೊಸದಲ್ಲ. ಎಷ್ಟು ಅಂದವಾಗಿ ನೆಯ್ದ ಸೀರೆಯಾದರೂ ಒಗೆತದಲ್ಲಿ ಬಣ್ಣ ಬಿಟ್ಟರೆ ನೇಕಾರನ ಶ್ರಮವೆಲ್ಲವೂ ವ್ಯರ್ಥವೇ ಸರಿ. ಹಾಗಾದರೆ ಬಣ್ಣವು ನೂಲಿನಲ್ಲಿ ನಿಲ್ಲುವುದು ಹೇಗೆ?

ಹತ್ತಿಯ ನೂಲು ಸೆಲ್ಯುಲೋಸ್ ಎಂಬ ಉದ್ದವಾದ ಅಣುಗಳಿಂದಾದುದು. ಈ ಅಣುವಿನ ಉದ್ದಕ್ಕೂ ಆಮ್ಲಜನಕ ಹಾಗೂ ಜಲಜನಕದ ಜೋಡಿಗಳಿವೆ. 1956ರಲ್ಲಿ ಇಂಗ್ಲೆಂಡಿನಿಂದ ಮಾರುಕಟ್ಟೆಗೆ ಬಂದ ‘ರಿಯಾಕ್ಟಿವ್’ ಬಣ್ಣಗಳ ಅಣುವಿನಲ್ಲಿ ಕ್ಲೋರಿನ್ ಪರಮಾಣುವನ್ನು ಹೊತ್ತ ಇಂಗಾಲವಿದೆ. ಬಣ್ಣದ ನೀರಿಗೆ ಮೊದಲು ಉಪ್ಪು ಬೆರೆಸಿದರೆ ಬಣ್ಣವು ನೂಲಿನ ಸಮೀಪಕ್ಕೆ ಬರುತ್ತದೆ. ಅನಂತರ ವಾಷಿಂಗ್ ಸೋಡಾ ಹಾಕಿದಾಗ ನೂಲಿನ ಜೋಡಿಗಳಲ್ಲಿ ಕೆಲವು ತಮ್ಮ ಜಲಜನಕವನ್ನು ಬಿಟ್ಟುಕೊಡುತ್ತವೆ. ಉಳಿದ ಆಮ್ಲಜನಕವು ಆ ಇಂಗಾಲವನ್ನು ಹಿಡಿಯುತ್ತದೆ, ಕ್ಲೋರಿನ್ ಹೊರಬೀಳುತ್ತದೆ. ಅಂದಿನಿಂದ ಬಣ್ಣವು ನೂಲಿಗೆ ಮೆತ್ತಿದ ವಸ್ತುವಲ್ಲ, ನೂಲಿನದೇ ಒಂದು ಅಂಗ.

ಗದ್ವಾಲ ಸೀರೆಯಲ್ಲಿ ಒಡಲು ಹತ್ತಿ, ಅಂಚು ರೇಷ್ಮೆ. ರೇಷ್ಮೆಯು ಪ್ರೋಟೀನು, ಅದರಲ್ಲಿ ಸಾರಜನಕವುಳ್ಳ ಗುಂಪುಗಳಿವೆ. ಆಮ್ಲದ ನೀರಿನಲ್ಲಿ ಅವು ಧನ ವಿದ್ಯುದಂಶವನ್ನು ಪಡೆದು, ಋಣ ವಿದ್ಯುದಂಶದ ಬಣ್ಣವನ್ನು ಸೆಳೆದುಕೊಳ್ಳುತ್ತವೆ. ಆದುದರಿಂದಲೇ ರೇಷ್ಮೆಗೆ ಒಪ್ಪುವ ಬಣ್ಣವೆಲ್ಲವೂ ಹತ್ತಿಗೆ ಒಪ್ಪುವುದಿಲ್ಲ.

ಇಲ್ಲಿ ಒಂದು ತೊಡಕುಂಟು. ನೀರಿನಲ್ಲಿಯೂ ಆಮ್ಲಜನಕವಿದೆಯಷ್ಟೆ! ನೂಲಿಗೆ ಸೇರಬೇಕಾದ ಬಣ್ಣದ ಅಣುಗಳಲ್ಲಿ ಕೆಲವು ನೀರಿನೊಡನೆಯೇ ಕೂಡಿಬಿಡುತ್ತವೆ. ಅವು ಮುಂದೆ ನೂಲನ್ನು ಹಿಡಿಯಲಾರವು. ಬಣ್ಣ ಹಾಕಿದ ಮೇಲೆ ಚೆನ್ನಾಗಿ ಜಾಲಿಸದಿದ್ದರೆ ಅವು ಒಗೆತದಲ್ಲಿ ಹೊರಬರುತ್ತವೆ. ಜಾಲಿಸಿದ ನೀರನ್ನು ಶುದ್ಧಿಗೊಳಿಸದೆ ಹರಿಯಬಿಟ್ಟರೆ ಹಳ್ಳಕೊಳ್ಳಗಳನ್ನು ಕೆಡಿಸುತ್ತವೆ.

ಬಣ್ಣದ ಬಾನಿಯಲ್ಲಿ ಈ ಕೆಲಸಕ್ಕೆ ಗಂಟೆಗಟ್ಟಲೆ ಕಾಲ ಹಿಡಿಯುವುದು, ಒಂದೊಂದು ಕ್ಷಣದಲ್ಲಿ ಕೆಲವೇ ಅಣುಗಳು ಕೂಡುವುದರಿಂದ. ಪರಮಾಣುಗಳ ಚಲನೆಯಾದರೋ ಅತಿ ಶೀಘ್ರ. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗಕ್ಕೆ ಫೆಮ್ಟೊಸೆಕೆಂಡ್ ಎಂದು ಹೆಸರು. ಈ ಅಳತೆಯಲ್ಲಿ ಲೇಸರ್ ಬೆಳಕನ್ನು ಮಿಂಚಿಸಿ, ರಾಸಾಯನಿಕ ಕ್ರಿಯೆಯ ನಡುವೆ ಪರಮಾಣುಗಳು ಚಲಿಸುವ ಬಗೆಯನ್ನು ಕಂಡರಿಯಬಹುದೆಂದು ತೋರಿಸಿದ ಈಜಿಪ್ಟ್ ಮೂಲದ ಅಹ್ಮದ್ ಜೆವೈಲ್ ಅವರಿಗೆ 1999ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಿದ್ಯಾರ್ಥಿಗಳೇ, ಹೊಸ ಹತ್ತಿಬಟ್ಟೆಯ ಒಳಮೂಲೆಯನ್ನು ಒದ್ದೆಯಾದ ಬಿಳಿಯ ಅರಿವೆಯಿಂದ ಉಜ್ಜಿ ನೋಡಿರಿ. ಬಣ್ಣ ಹತ್ತಿದರೆ, ನೂಲಿಗೆ ಅಂಟದ ಅಣುಗಳು ಅಲ್ಲಿ ಉಳಿದಿವೆಯೆಂದು ತಿಳಿಯಿರಿ. ಅಂಥ ಬಟ್ಟೆಯನ್ನು ಬೇರೆಯಾಗಿಯೇ ಒಗೆಯುವಂತೆ ಮನೆಯವರಿಗೆ ಹೇಳಿರಿ.