ಹೃದ್ರೋಗಿಯ ಚೇತರಿಕೆಯೂ ಮನೆಯ ವ್ಯಾಯಾಮವೂ

ಹೃದಯಾಘಾತಕ್ಕೆ ತುತ್ತಾಗಿ, ಮಿರಜ, ಸಾಂಗಲಿ ಇಲ್ಲವೆ ವಿಜಯಪುರದ ಆಸ್ಪತ್ರೆಯಲ್ಲಿ ಕೆಲವು ದಿನ ಕಳೆದು ಮನೆಗೆ ಮರಳುವ ಹಿರಿಯರು ಈಗ ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿಯೂ ಅಪರೂಪವಲ್ಲ. ಅವರು ಮರಳಿದೊಡನೆ ಮನೆಯಲ್ಲಿ ಎರಡು ಪಕ್ಷಗಳು ಏಳುತ್ತವೆ. ಹೊರಸಿನಿಂದ ಕೆಳಗಿಳಿಯಲೇಬಾರದೆಂಬವರದು ಒಂದು ಪಕ್ಷ. ನಾಲ್ಕು ದಿನ ಹೊಲದಲ್ಲಿ ಮೈಮುರಿದು ದುಡಿದರೆ ಎಲ್ಲವೂ ಸರಿಹೋಗುವುದೆಂಬವರದು ಇನ್ನೊಂದು. ನಾವು ಎರಡನ್ನೂ ಹತ್ತಿರದಿಂದ ಕಂಡಿದ್ದೇವೆ. ಎರಡರಿಂದಲೂ ಕೇಡಾದುದನ್ನು ಕಂಡಿದ್ದೇವೆ. ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಇಂಥವರಿಗೆ ವೈದ್ಯರ ಕಣ್ಣೆದುರಿಗೇ ವ್ಯಾಯಾಮ ಮಾಡಿಸುವ ಏರ್ಪಾಡುಂಟು. ಆದರೆ ಉಮದಿಯವರೋ ಸಂಖದವರೋ ವಾರಕ್ಕೆ ಮೂರು ಸಲ ಅಷ್ಟು ದೂರ ಹೋಗಿಬರುವುದೆಂತು? ಮನೆಯಂಗಳವೇ ಅವರಿಗೆ ವ್ಯಾಯಾಮಶಾಲೆಯಾಗಬೇಕು.

ಹೃದಯವೂ ಒಂದು ಸ್ನಾಯುವೇ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಅದಕ್ಕೆ ರಕ್ತವನ್ನೊದಗಿಸುವ ಧಮನಿ ಮುಚ್ಚಿಹೋದಾಗ ಆ ಸ್ನಾಯುವಿನ ಒಂದು ಭಾಗ ಸಾಯುತ್ತದೆ. ಆ ಗಾಯವು ಮಾಗಿ ಗಟ್ಟಿಯಾದ ಕಲೆಯಾಗಲು ಕೆಲವು ವಾರಗಳೇ ಬೇಕು. ಹಾಗೆಂದು ಆ ವಾರಗಳನ್ನೆಲ್ಲ ಮಲಗಿ ಕಳೆಯಬೇಕೆಂದಲ್ಲ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ವೈದ್ಯರೇ ಹಾಗೆ ನಂಬಿದ್ದರು. ರೋಗಿಯನ್ನು ಆರು ವಾರ ಹಾಸಿಗೆಯಿಂದ ಅಲುಗಗೊಡುತ್ತಿರಲಿಲ್ಲ. ಮಲಗಿದವನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಸರಿದು ಪ್ರಾಣಹೋಗುವುದೂ ಇತ್ತು. 1952ರಲ್ಲಿ ಬೋಸ್ಟನ್ ನಗರದ ಲೆವಿನ್ ಮತ್ತು ಲೌನ್ ಎಂಬ ವೈದ್ಯರು ತಮ್ಮ ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ ಅನುಭವವನ್ನು ಪ್ರಕಟಿಸಿದರು. ಒಂದು ಕುರ್ಚಿಯಿಂದ ವೈದ್ಯಶಾಸ್ತ್ರದ ದಾರಿಯೇ ಬದಲಾಯಿತು. ವಿನೋದವೆಂದರೆ, ಇಂಗ್ಲೆಂಡಿನ ಹೆಬರ್ಡನ್ ಎಂಬ ವೈದ್ಯನು ಎದೆನೋವಿನ ರೋಗಿಯೊಬ್ಬನು ದಿನವೂ ಅರ್ಧ ಗಂಟೆ ಕಟ್ಟಿಗೆ ಕೊಯ್ದು ಬಹುಮಟ್ಟಿಗೆ ಗುಣವಾದನೆಂದು ಬರೆದಿಟ್ಟಿದ್ದನು. ಅವನ ಗ್ರಂಥವು 1802ರಲ್ಲಿಯೇ ಅಚ್ಚಾಗಿತ್ತು!

ನಮ್ಮ ದೇಶದಲ್ಲಿಯೂ ಪರೀಕ್ಷೆ ನಡೆದಿದೆ. 24 ಆಸ್ಪತ್ರೆಗಳ 3,959 ರೋಗಿಗಳಲ್ಲಿ ಒಂದು ಗುಂಪಿಗೆ ಯೋಗವನ್ನು ಕಲಿಸಿ ಮನೆಯಲ್ಲಿ ಮುಂದುವರಿಸಲು ಹೇಳಿದರು. ಇನ್ನೊಂದು ಗುಂಪಿಗೆ ತಿಳಿವಳಿಕೆಯ ಮಾತನ್ನಷ್ಟೇ ಹೇಳಿದರು. 2020ರಲ್ಲಿ ಪ್ರಕಟವಾದ ಅದರ ಫಲವು ಹೀಗಿದೆ: ಯೋಗದಿಂದ ಸಾವು ಮತ್ತು ಮರು ಆಘಾತಗಳು ಖಂಡಿತವಾಗಿ ತಗ್ಗಿದುವೆನ್ನಲು ಆಧಾರ ಸಾಲದು, ಆದರೆ ಹಿಂದಿನ ಕೆಲಸಕಾರ್ಯಗಳಿಗೆ ಮರಳುವುದರಲ್ಲಿ ಯೋಗ ಮಾಡಿದವರೇ ಮುಂದಾದರು. ಇದನ್ನು ಹೆಚ್ಚಿಸಿ ಹೇಳುವ ಪ್ರಚಾರಕರನ್ನು ನಂಬಬೇಕಾಗಿಲ್ಲ. ಉಸಿರನ್ನು ರಭಸದಿಂದ ಹೊರದೂಡುವ ಕಪಾಲಭಾತಿ, ತಲೆಕೆಳಗಾಗುವ ಶೀರ್ಷಾಸನ ಇವು ಚೇತರಿಸಿಕೊಳ್ಳುತ್ತಿರುವವರಿಗೆ ಸಲ್ಲವು.

ಹಾಗಾದರೆ ಎಷ್ಟು ಮಾಡಬೇಕು? ಮೊದಲು ವೈದ್ಯರಿಂದ ಹೃದಯದ ಶಕ್ತಿಯನ್ನು ಪರೀಕ್ಷಿಸಿಕೊಂಡು ಅಪ್ಪಣೆ ಪಡೆಯಬೇಕು. ಅವರ ಮಾತು ನಮ್ಮ ಬರಹಕ್ಕಿಂತ ಹಿರಿದು. ಸಾಮಾನ್ಯವಾಗಿ ಮೊದಲ ವಾರ ಸಮನೆಲದ ಮೇಲೆ ಐದರಿಂದ ಹತ್ತು ನಿಮಿಷ, ದಿನಕ್ಕೆರಡು ಸಲ ನಡಿಗೆ. ಅನಂತರ ವಾರವಾರಕ್ಕೆ ಕೆಲವು ನಿಮಿಷಗಳನ್ನು ಕೂಡಿಸುತ್ತ ಅರ್ಧ ಗಂಟೆಗೆ ಏರುವುದು. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅದೇ ತಕ್ಕ ವೇಗ. ಒಂದು ವಾಕ್ಯವನ್ನು ಮುಗಿಸುವುದರೊಳಗೆ ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದೇ ತಿಳಿಯಬೇಕು. ನಾಡಿಯನ್ನೂ ಎಣಿಸಬಹುದು, ಆದರೆ ಹೃದಯದ ಬಡಿತವನ್ನು ತಗ್ಗಿಸುವ ಔಷಧವನ್ನು ಅನೇಕರು ಸೇವಿಸುತ್ತಿರುವುದರಿಂದ ನಾಡಿಯೊಂದನ್ನೇ ನೆಚ್ಚಿದರೆ ಮೋಸಹೋಗುವ ಸಂಭವವುಂಟು. ಆರಂಭದಲ್ಲಿ ಮೆಲ್ಲನೆ, ಕೊನೆಯಲ್ಲಿಯೂ ಮೆಲ್ಲನೆ. ಥಟ್ಟನೆ ನಿಂತರೆ ರಕ್ತವು ಕಾಲುಗಳಲ್ಲಿ ಉಳಿದು ತಲೆ ಸುತ್ತುವುದು. ಊಟವಾದೊಡನೆ, ಜ್ವರವಿದ್ದಾಗ, ನಮ್ಮ ಕಡೆಯ ವೈಶಾಖದ ಬಿಸಿಲಿನಲ್ಲಿ ವ್ಯಾಯಾಮವನ್ನು ಬಿಡಬೇಕು. ಗುಡ್ಡಾಪುರಕ್ಕೆ ನಡೆದು ಬರುವೆನೆಂದು ಹರಕೆ ಹೊತ್ತವರು ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಲಿ. ತಾಯಿ ದಾನಮ್ಮ ಕಾಯುವಳು.

ಇನ್ನು ನೀರಿನ ಕೊಡದ ಮಾತು. ಬರದ ನಾಡಾದ ನಮ್ಮಲ್ಲಿ ಟ್ಯಾಂಕರ ಬಂದೊಡನೆ ರೋಗಿಯೆಂಬುದನ್ನೂ ಮರೆತು ಕೊಡವನ್ನು ಎತ್ತುವ ತಾಯಂದಿರುಂಟು. ಹನ್ನೆರಡು ಲೀಟರು ನೀರೆಂದರೆ ಹನ್ನೆರಡು ಕಿಲೋ ಭಾರ. ಕೊಡದ ತೂಕ ಬೇರೆ. ಎತ್ತುವಾಗ ಉಸಿರು ಬಿಗಿಹಿಡಿಯುವುದರಿಂದ ರಕ್ತದೊತ್ತಡವು ಒಮ್ಮೆಲೇ ಏರುವುದು. ಎದೆ ತೆರೆದು ಶಸ್ತ್ರಚಿಕಿತ್ಸೆಯಾದವರಲ್ಲಿ ಎದೆಯ ನಡುಮೂಳೆ ಕೂಡಿಕೊಳ್ಳಲು ಸುಮಾರು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ತುಂಬಿದ ಕೊಡವಾಗಲಿ ಮೊಮ್ಮಗುವಾಗಲಿ ಅವರ ಕೈಗೆ ಬರಬಾರದು. ಮನೆಗೆಲಸವೇ ವ್ಯಾಯಾಮವಲ್ಲವೆ ಎಂದು ಗಂಡಸರು ಸುಲಭವಾಗಿ ಹೇಳಿಬಿಡುವರು. ನಡಿಗೆಯನ್ನು ಬೇಕೆಂದಾಗ ನಿಲ್ಲಿಸಬಹುದು. ಟ್ಯಾಂಕರಿನ ಸಾಲನ್ನು ನಿಲ್ಲಿಸಲಾಗದು. ಭೇದವು ಅಲ್ಲಿದೆ.

ಬಾಲಕರೇ, ಬಾಲಕಿಯರೇ, ನಿಮ್ಮ ಅಜ್ಜನೋ ಅಜ್ಜಿಯೋ ಹೀಗೆ ನಡೆಯತೊಡಗಿದಾಗ ಮೊದಲ ತಿಂಗಳುಗಳಲ್ಲಿ ಅವರೊಬ್ಬರನ್ನೇ ಬಿಡಬೇಡಿರಿ. ಜೊತೆಗೆ ನಡೆಯಿರಿ, ಮಾತನಾಡಿಸಿರಿ. ಉತ್ತರ ಬರುವ ರೀತಿಯಿಂದಲೇ ಅವರ ಸ್ಥಿತಿ ತಿಳಿಯುವುದು. ದಿನದ ನಿಮಿಷಗಳನ್ನು ಒಂದು ವಹಿಯಲ್ಲಿ ಬರೆದಿಡಿರಿ. ಮುಂದಿನ ಸಲ ವೈದ್ಯರಿಗೆ ಅದನ್ನೇ ತೋರಿಸಬಹುದು. ಎರಡು ಮೂರು ದಿನಗಳಲ್ಲಿ ತೂಕವೇರಿ ಪಾದಗಳು ಬಾತರೆ ನಡಿಗೆಯನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ನಡೆಯುವಾಗ ಎದೆಯಲ್ಲಿ ಬಿಗಿತ, ತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ಕೂರಿಸಿರಿ. ವೈದ್ಯರು ಬರೆದುಕೊಟ್ಟ ಗುಳಿಗೆಯಿದ್ದರೆ ಕುಳಿತೇ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲಿ. ನಿಂತಿದ್ದರೆ ಒತ್ತಡವಿಳಿದು ಬೀಳುವ ಭಯವುಂಟು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ, ಗುಳಿಗೆಯಿಲ್ಲದಿದ್ದರೆ ಕೂಡಲೇ, 108ಕ್ಕೆ ಕರೆ ಮಾಡಿರಿ. ಆ ಗುಳಿಗೆಯು ಮನೆಯ ಮಾಡದಲ್ಲಿದ್ದು ಅಜ್ಜ ಹೊಲದ ಬದುವಿನಲ್ಲಿದ್ದರೆ ಪ್ರಯೋಜನವಿಲ್ಲ. ಹೊರಡುವ ಮುನ್ನ ಅವರ ಅಂಗಿಯ ಜೇಬನ್ನು ನೀವೇ ಮುಟ್ಟಿನೋಡಿರಿ.