ಅಂಚಿನ ಟಿಪ್ಪಣಿ: ಗಣಕಯಂತ್ರದ ಬರಹಗಳಲ್ಲಿ ಅದರ ಸದ್ಬಳಕೆ

ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುವ ಆರೋಗ್ಯ ಲೇಖನವೊಂದು ವಾಚಕರ ಕೈಸೇರುವ ಮುನ್ನ ಹಲವರ ಕಣ್ಣಿನಡಿ ಹಾದುಬರಬೇಕಾಗುತ್ತದೆ. ದೆಹಲಿಯಂತಹ ಮಹಾನಗರದಲ್ಲಿ ಈ ಹಲವರು ಒಂದೆಡೆ ಕೂಡುವುದು ಸುಲಭಸಾಧ್ಯವಲ್ಲ. ಲೇಖಕರಾದ ವೈದ್ಯರು ಗಾಜಿಯಾಬಾದಿನಲ್ಲಿ, ಸಂಪಾದಕರು ರಾಮಕೃಷ್ಣಪುರದಲ್ಲಿ, ಕರಡು ತಿದ್ದುವವರು ಗುರುಗ್ರಾಮದಲ್ಲಿ, ಪುಟ ಜೋಡಿಸುವವರು ನೋಯ್ಡಾದಲ್ಲಿ ಇರುವುದು ಸರ್ವೇಸಾಮಾನ್ಯ. ಹಿಂದೆ ಕಾಗದದ ಹಸ್ತಪ್ರತಿಯು ಬಸ್ಸಿನಲ್ಲಿ ಒಬ್ಬರ ಚೀಲದಿಂದ ಇನ್ನೊಬ್ಬರ ಚೀಲಕ್ಕೆ ಸಾಗುತ್ತಿತ್ತು. ಇಂದು ಅದೇ ಬರಹವು ಮಿಂಚಂಚೆಯ ಮೂಲಕ ಕ್ಷಣಾರ್ಧದಲ್ಲಿ ತಲುಪುತ್ತದೆ. ಆದರೆ ಈ ವೇಗದೊಡನೆ ಒಂದು ಅವ್ಯವಸ್ಥೆಯೂ ಕಾಲಿಟ್ಟಿದೆ. ನಾಲ್ವರು ನಾಲ್ಕು ಪ್ರತಿಗಳನ್ನು ತಿದ್ದುತ್ತಾರೆ. ಯಾರು, ಏನನ್ನು, ಏತಕ್ಕಾಗಿ ಬದಲಿಸಿದರೆಂಬುದು ಕಡೆಗೆ ಯಾರಿಗೂ ತಿಳಿಯದು.

ಬರಹ ಸಿದ್ಧಪಡಿಸುವ ತಂತ್ರಾಂಶಗಳಲ್ಲಿ ‘ಕಾಮೆಂಟ್’ ಎಂಬ ಸೌಲಭ್ಯವಿರುವುದು ಈ ತೊಡಕಿನ ನಿವಾರಣೆಗಾಗಿಯೇ. ಮೂಲ ಬರಹವನ್ನು ಮುಟ್ಟದೆ, ಅದರ ಒಂದು ಪದಕ್ಕೋ ವಾಕ್ಯಕ್ಕೋ ಅಂಟಿಕೊಂಡಂತೆ ಪುಟದ ಅಂಚಿನಲ್ಲಿ ಬರೆಯುವ ಟಿಪ್ಪಣಿಯೇ ಕಾಮೆಂಟ್. ಬರೆದವರ ಹೆಸರೂ ವೇಳೆಯೂ ಅದರೊಡನೆ ದಾಖಲಾಗುತ್ತವೆ.

ಇದು ನಮಗೆ ಹೊಸತೇನೂ ಅಲ್ಲ. ಓಲೆಗರಿಯ ಲಿಪಿಕಾರರು ಬಿಟ್ಟುಹೋದ ಅಕ್ಷರವನ್ನು ಅಂಚಿನಲ್ಲಿ ಬರೆದು, ಸೇರಬೇಕಾದ ಸ್ಥಳದಲ್ಲಿ ಹಂಸಪಾದವನ್ನು ಹಾಕುತ್ತಿದ್ದರು. ದೆಹಲಿಯ ಸಚಿವಾಲಯಗಳಲ್ಲಿ ಸೇವೆ ಸಲ್ಲಿಸಿದ ಕನ್ನಡಿಗರಿಗಂತೂ ಹಸಿರು ಟಿಪ್ಪಣಿ ಹಾಳೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಡತದ ಒಂದು ಭಾಗದಲ್ಲಿ ಪತ್ರವ್ಯವಹಾರ, ಇನ್ನೊಂದು ಭಾಗದಲ್ಲಿ ಅದರ ಮೇಲಿನ ಟಿಪ್ಪಣಿ, ಇವೆರಡೂ ಬೆರೆಯುವಂತಿಲ್ಲ. ಸರ್ಕಾರದ ಈಗಿನ ‘ಇ-ಆಫೀಸ್’ ವ್ಯವಸ್ಥೆಯೂ ಇದೇ ಕ್ರಮವನ್ನು ಉಳಿಸಿಕೊಂಡಿದೆ. ಅಲ್ಲಿ ಹಳದಿ ಟಿಪ್ಪಣಿಯು ಕರಡು ಮಾತ್ರ, ಅದನ್ನು ಬದಲಿಸಬಹುದು, ಅಳಿಸಲೂಬಹುದು. ಹಸಿರು ಟಿಪ್ಪಣಿಯಾದರೋ ಕಡತ ಮುಂದಕ್ಕೆ ಸಾಗಿದ ಮೇಲೆ ಶಾಶ್ವತ. ಬ್ಯಾಂಕುಗಳಲ್ಲಿಯೂ ಲೆಕ್ಕಪರಿಶೋಧಕನು ಲೆಡ್ಜರಿನ ಅಂಕಿಯನ್ನು ತಾನೇ ತಿದ್ದುವುದಿಲ್ಲ; ಪಕ್ಕದಲ್ಲಿ ಗುರುತು ಹಾಕಿ ವಿವರಣೆ ಕೇಳುತ್ತಾನೆ. ಅಂಕಿಗೆ ಹೊಣೆಯಾದವನು ಅದನ್ನು ಬರೆದವನು, ಪರಿಶೀಲಿಸಿದವನಲ್ಲ ಎಂಬುದೇ ಇದರ ತಾತ್ಪರ್ಯ.

ಈ ಭೇದವನ್ನು ಮರೆತರೆ ಎಂತಹ ಅನಾಹುತವಾದೀತೆಂಬುದಕ್ಕೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ದೆಹಲಿಯ ಬೇಸಗೆಯಲ್ಲಿ ಮಕ್ಕಳಿಗೆ ಬರುವ ವಾಂತಿಭೇದಿಯನ್ನು ಕುರಿತು ವೈದ್ಯರೊಬ್ಬರು ಲೇಖನ ಕಳುಹಿಸಿದ್ದಾರೆ. ಪೊಟ್ಟಣ ದೊರೆಯದಿದ್ದಾಗ ಮನೆಯಲ್ಲಿಯೇ ಜೀವಜಲವನ್ನು ಸಿದ್ಧಪಡಿಸುವ ಕ್ರಮ ಅದರಲ್ಲಿದೆ: ಒಂದು ಲೀಟರು ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಪ್ರಮಾಣ ಸರಿಯಾಗಿಯೇ ಇದೆ. ಆದರೆ ಯಾವ ಚಮಚವೆಂದು ವೈದ್ಯರು ಬರೆದಿಲ್ಲ. ಅವರ ಮಟ್ಟಿಗೆ ಅದು ಹೇಳಬೇಕಾದ ಮಾತೇ ಅಲ್ಲ. ಮಟ್ಟಸವಾಗಿ ಸವರಿದ ಟೀ ಚಮಚವೆಂಬುದು ವೈದ್ಯರಿಗೆಲ್ಲ ಗೊತ್ತು. ಗೃಹಿಣಿಯ ಕೈಗೆ ಸಿಗುವುದು ಊಟದ ದೊಡ್ಡ ಚಮಚವಾದರೆ? ಅದು ಮೂರು ಟೀ ಚಮಚಗಳಿಗೆ ಸಮ. ಸಕ್ಕರೆಯೂ ಉಪ್ಪೂ ಒಟ್ಟಿಗೆ ಮೂರು ಪಟ್ಟಾಗುತ್ತವೆ. ಉಪ್ಪು ಹೆಚ್ಚಾದ ನೀರು ಎಳೆಯ ಮಗುವಿನ ರಕ್ತದಲ್ಲಿ ಸೋಡಿಯಮ್ಮಿನ ಅಂಶವನ್ನು ಏರಿಸಿ, ಸೆಳವು ಬರುವಷ್ಟು ಅಪಾಯವನ್ನು ತರಬಲ್ಲದು.

ಈಗ ಈ ಲೇಖನವು ಸಂಪಾದಕರ ಮುಂದಿದೆ. ಆರು ಚಮಚ ಸಕ್ಕರೆಗೆ ಅರ್ಧ ಚಮಚ ಉಪ್ಪೆಂದರೆ ತೀರ ಸಪ್ಪೆಯಾಯಿತಲ್ಲ, ಬೆರಳಚ್ಚಿನ ದೋಷವಿರಬೇಕು ಎಂದು ಬಗೆದು ಅವರು ಮೂಲದಲ್ಲಿಯೇ ‘ಒಂದು ಚಮಚ’ ಎಂದು ತಿದ್ದಿಬಿಡಬಹುದು. (ಸಿದ್ಧವಾದ ನೀರು ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು ಎಂಬುದು ವೈದ್ಯರು ತಾಯಂದಿರಿಗೆ ಹೇಳಿಕೊಡುವ ಪರೀಕ್ಷೆ, ಸಪ್ಪೆಯಾಗಿರುವುದೇ ಸರಿ.) ತಿದ್ದುವ ಉದ್ದೇಶ ಒಳ್ಳೆಯದೇ. ಆದರೆ ವೈದ್ಯರ ಹೆಸರಿನಲ್ಲಿ, ಅವರಿಗೆ ತಿಳಿಯದಂತೆ, ಇಮ್ಮಡಿ ಉಪ್ಪು ಅಚ್ಚಾಗುತ್ತದೆ.

ಅಥವಾ ಸಂಪಾದಕರು ಅಂಚಿನಲ್ಲಿ ‘ಉಪ್ಪು? ಸರಿಯೇ ನೋಡಿ’ ಎಂದು ಗೀಚಬಹುದು. ಇಂತಹ ಟಿಪ್ಪಣಿಯಿಂದ ಲೇಖಕರಿಗೆ ಏನೂ ತಿಳಿಯುವುದಿಲ್ಲ. ತಮ್ಮ ಪ್ರಮಾಣವು ಗ್ರಂಥಸಮ್ಮತವೆಂದು ಅರಿತ ವೈದ್ಯರು ‘ಸರಿಯಾಗಿದೆ’ ಎಂದು ಉತ್ತರಿಸಿ ಮುಂದೆ ಹೋಗುತ್ತಾರೆ. ಚಮಚದ ಸಂದೇಹ ಹಾಗೆಯೇ ಉಳಿಯುತ್ತದೆ.

ಮೂರನೆಯ ದಾರಿ ಹೀಗಿದೆ. ‘ಅರ್ಧ ಚಮಚ’ ಎಂಬ ಎರಡೇ ಪದಗಳನ್ನು ಆಯ್ದು ಸಂಪಾದಕರು ಅಂಚಿನಲ್ಲಿ ಬರೆಯುತ್ತಾರೆ: ‘ಡಾಕ್ಟರರೇ, ಇದು ಟೀ ಚಮಚವೆಂದು ತಿಳಿಯಬಹುದೇ? ಊಟದ ಚಮಚದಿಂದ ಅಳೆದರೆ ಉಪ್ಪು ಮೂರು ಪಟ್ಟಾಗುವುದಲ್ಲವೇ? ಮಟ್ಟ ಸವರಿದ ಅರ್ಧ ಟೀ ಚಮಚ ಎಂದು ಹಾಕಿದರೆ ಹೇಗೆ? ತಮ್ಮ ಒಪ್ಪಿಗೆ ಬೇಕು.’ ಸಂದೇಹವೇನು, ಅದರಿಂದಾಗುವ ಬಾಧೆಯೇನು, ಬದಲಿಗೆ ಏನು ಹಾಕಬಹುದು, ಯಾರು ಉತ್ತರಿಸಬೇಕು ಎಂಬಿಷ್ಟೂ ಇದರಲ್ಲಿದೆ. ವೈದ್ಯರು ಒಪ್ಪುವುದಷ್ಟೇ ಅಲ್ಲ, ‘ಸಕ್ಕರೆಗೂ ಹಾಗೆಯೇ ಬರೆಯಿರಿ, ಪೊಟ್ಟಣ ಬಳಸುವವರು ಅದು ಒಂದು ಲೀಟರಿನದೋ 200 ಮಿ.ಲೀ.ನದೋ ನೋಡಿಕೊಳ್ಳಬೇಕೆಂದೂ ಸೇರಿಸಿ’ ಎಂದು ಉತ್ತರಿಸುತ್ತಾರೆ. ಲೇಖನ ಮೊದಲಿಗಿಂತ ಉತ್ತಮವಾಗುತ್ತದೆ.

ಟಿಪ್ಪಣಿಯ ಧಾಟಿಯ ವಿಷಯದಲ್ಲಿಯೂ ಎಚ್ಚರ ಬೇಕು. ಎದುರಿಗೆ ಕುಳಿತು ಹೇಳಿದಾಗ ನಗೆಯಲ್ಲಿ ಕರಗುವ ಮಾತು ಅಂಚಿನಲ್ಲಿ ಅಚ್ಚಕ್ಷರವಾಗಿ ನಿಂತಾಗ ಚುಚ್ಚುತ್ತದೆ. ಸಂಘದ ಕೆಲಸವನ್ನು ಯಾರೂ ಸಂಬಳಕ್ಕಾಗಿ ಮಾಡುವುದಿಲ್ಲ. ‘ತಪ್ಪು’ ಎಂಬ ಒಂದೇ ಪದದಿಂದ ನೊಂದ ಲೇಖಕರು ಮರುವರ್ಷ ಬರೆಯದಿದ್ದರೆ ನಷ್ಟ ಸಂಚಿಕೆಗೇ. ಕಾಗುಣಿತದ ದೋಷಗಳಿಗೆಲ್ಲ ಒಂದೊಂದು ಟಿಪ್ಪಣಿ ಬರೆಯುವುದೂ ಸಲ್ಲದು; ನಲವತ್ತು ಕಾಗುಣಿತದ ಟಿಪ್ಪಣಿಗಳ ನಡುವೆ ಉಪ್ಪಿನ ಟಿಪ್ಪಣಿ ಕಣ್ಣಿಗೆ ಬೀಳದೆ ಹೋದೀತು. ಅಂತಹವನ್ನು ತಿದ್ದುಪಡಿಯ ಜಾಡು ಉಳಿಸುವ ‘ಟ್ರ್ಯಾಕ್ ಚೇಂಜಸ್’ ಮೂಲಕ ನೇರವಾಗಿ ತಿದ್ದುವುದು ಲೇಸು.

ಬಳಕೆಯ ವಿಧಾನ ಸರಳ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬೇಕಾದ ಪದಗಳನ್ನು ಆಯ್ದು, ‘ರಿವ್ಯೂ’ ಪಟ್ಟಿಯಲ್ಲಿರುವ ‘ನ್ಯೂ ಕಾಮೆಂಟ್’ ಒತ್ತಬೇಕು. ಇಲ್ಲವೇ ಕಂಟ್ರೋಲ್, ಆಲ್ಟ್, ಎಂ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಗೂಗಲ್ ಡಾಕ್ಸ್‌ನಲ್ಲಿಯೂ ಅದೇ ಕೀಲಿಗಳು. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನಲ್ಲಿ ಎಂ ಬದಲಿಗೆ ಸಿ. ಗೂಗಲ್ ಡಾಕ್ಸ್‌ನಲ್ಲಿ ಲೇಖನ ಹಂಚುವಾಗ ‘ಕಾಮೆಂಟರ್’ ಎಂಬ ಅಧಿಕಾರವನ್ನಷ್ಟೇ ಕೊಟ್ಟರೆ, ಓದುವವರು ಟಿಪ್ಪಣಿ ಬರೆಯಬಲ್ಲರು, ಮೂಲವನ್ನು ತಾವಾಗಿ ಬದಲಿಸಲಾರರು. ನಾಲ್ವರೂ ಒಂದೇ ಪ್ರತಿಯನ್ನು ನೋಡುವುದರಿಂದ ಪ್ರತಿಗಳ ಗೊಂದಲವೂ ತಪ್ಪುತ್ತದೆ.

ಕನ್ನಡಕ್ಕೆ ಮಾತ್ರ ಸಂಬಂಧಿಸಿದ ತೊಡಕೊಂದುಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಲಾಗಿತ್ತು. ಆ ಶೈಲಿ ಅನ್ವಯವಾಗದ ಕಡೆ, ಅಂಚಿನ ಟಿಪ್ಪಣಿಯ ಚೌಕದಲ್ಲಿಯೂ ಸಹ, ಬರೆದದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಹಿರಿಯ ಲೇಖಕರು ಇದನ್ನು ಕಂಡು ಫೈಲು ಕೆಟ್ಟಿತೆಂದು ಗಾಬರಿಯಾಗುವುದುಂಟು. 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟ ಯೂನಿಕೋಡ್ ಕ್ರಮದಲ್ಲಿ ಬರೆದರೆ ಈ ತೊಂದರೆಯಿಲ್ಲ.

ಟಿಪ್ಪಣಿಯನ್ನು ಬರೆಯುವುದಕ್ಕಿಂತ ಅದನ್ನು ತೆಗೆಯುವುದರಲ್ಲಿ ಹೆಚ್ಚಿನ ಜಾಗರೂಕತೆ ಬೇಕು. 2005ರ ಅಕ್ಟೋಬರಿನಲ್ಲಿ ಲೆಬನಾನಿನ ಮಾಜಿ ಪ್ರಧಾನಿ ರಫೀಕ್ ಹರೀರಿಯವರ ಹತ್ಯೆಯನ್ನು ಕುರಿತ ವಿಶ್ವಸಂಸ್ಥೆಯ ವರದಿಯು ವರ್ಡ್ ರೂಪದಲ್ಲಿ ಹೊರಬಿದ್ದಾಗ, ಅಂತಿಮ ಪ್ರತಿಯಿಂದ ಕೈಬಿಟ್ಟಿದ್ದ ಸಿರಿಯಾದ ಉನ್ನತ ವ್ಯಕ್ತಿಗಳ ಹೆಸರುಗಳು ತಿದ್ದುಪಡಿಯ ಜಾಡಿನಲ್ಲಿ ಪತ್ರಕರ್ತರಿಗೆ ಗೋಚರಿಸಿದವು. ಅಷ್ಟು ದೊಡ್ಡ ಸಂಸ್ಥೆಗೇ ಆದ ಎಡವಟ್ಟು ಸಂಘದ ಸಂಚಿಕೆಗೆ ಆಗಲಾರದೆಂದು ಹೇಳಲಾಗದು. ‘ರಿಸಾಲ್ವ್’ ಒತ್ತಿದರೆ ಟಿಪ್ಪಣಿ ಮಸುಕಾಗುವುದೋ ಮರೆಯಾಗುವುದೋ ಹೊರತು ದಸ್ತಾವೇಜಿನಿಂದ ಅಳಿದುಹೋಗುವುದಿಲ್ಲ. ವರ್ಡ್‌ನಲ್ಲಿ ‘ಫೈಲ್’, ‘ಇನ್ಫೋ’ಗಳ ಮೂಲಕ ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಎಂಬಲ್ಲಿಗೆ ಹೋಗಿ ಎಲ್ಲವನ್ನೂ ತೆಗೆದುಹಾಕಬಹುದು. ಇನ್ನು ಬರೆಯುವಾಗಲೇ, ಹೆಸರು ಹಾಕಿ ಒಪ್ಪಿಕೊಳ್ಳಬಹುದಾದ ಮಾತನ್ನಷ್ಟೇ ಬರೆಯುವುದು ಕ್ಷೇಮ. ಸರ್ಕಾರಿ ಕಡತದ ಟಿಪ್ಪಣಿಗಳೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಸೇರುತ್ತವೆಂದು ಕೇಂದ್ರ ಮಾಹಿತಿ ಆಯೋಗವು 2006ರಲ್ಲಿ ನಿರ್ಣಯಿಸಿದ ಮೇಲೆ ದೆಹಲಿಯ ಕಚೇರಿಗಳವರಿಗೆ ಈ ವಿಷಯದ ಅರಿವು ಚೆನ್ನಾಗಿಯೇ ಇದೆ.

ಟಿಪ್ಪಣಿಗಳೆಲ್ಲ ಇತ್ಯರ್ಥವಾದ ಬಳಿಕ ಅವುಗಳಿರುವ ಪ್ರತಿಯೊಂದನ್ನು ಕಾರ್ಯದರ್ಶಿಗಳಲ್ಲಿ ಉಳಿಸಿ, ಇನ್ನೊಂದರಿಂದ ತೆಗೆದುಹಾಕಿ ಅಚ್ಚಿಗೆ ಕಳುಹಿಸಬೇಕು. ಅದಕ್ಕೂ ಮುಂಚೆ ಸ್ವಚ್ಛ ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ, ಅಂಕಿ, ಅಳತೆ, ಔಷಧದ ಹೆಸರುಗಳನ್ನು ಒಬ್ಬರು ಗಟ್ಟಿಯಾಗಿ ಓದುತ್ತಿರಲು ಲೇಖಕರಾದ ವೈದ್ಯರು ದೂರವಾಣಿಯಲ್ಲಿ ಕೇಳಿ ಒಪ್ಪಿಗೆ ಕೊಡುವುದು ಯುಕ್ತ. ಒಂದು ಲೇಖನಕ್ಕೆ ಇದು ಹತ್ತು ನಿಮಿಷದ ಕೆಲಸ.